ಅಂಕಪಟ್ಟಿ ಕೈಯಲ್ಲಿದೆ, ಕೌಂಟರಿನ ಮುಂದೆ ಮಾತು ಬರುತ್ತಿಲ್ಲ

ಪ್ರಶ್ನೆ: ನನ್ನ ಮಗ ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 571 ಅಂಕ ತೆಗೆದಿದ್ದಾನೆ. ಪಿಯುಸಿ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರ ಮಾಡಿಸಿಕೊಂಡು ಬಾ ಎಂದು ನಾಡಕಚೇರಿಗೆ ಕಳುಹಿಸಿದೆ. ಎರಡು ಗಂಟೆ ನಿಂತು, ಯಾರನ್ನೂ ಏನೂ ಕೇಳದೆ ಬರಿಗೈಯಲ್ಲಿ ವಾಪಸು ಬಂದ. ಬ್ಯಾಂಕಿನಲ್ಲಿ ಚಲನ್ ತುಂಬುವುದಕ್ಕೂ ಪಕ್ಕದವರ ಮುಖ ನೋಡುತ್ತಾನೆ. ಹತ್ತು ವರ್ಷ ಶಾಲೆಗೆ ಹೋಗಿ ಇವನು ಕಲಿತದ್ದೇನು? ಹೈಸ್ಕೂಲು ಮಕ್ಕಳನ್ನು ಮುಂದಿನ ಬದುಕಿಗೆ ತಯಾರು ಮಾಡುತ್ತದೆಯೇ?
— ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಮೊದಲಿಗೆ ಒಂದು ಮಾತು. ನಿಮ್ಮ ಮಗ ದಡ್ಡನಲ್ಲ, ಸೋಮಾರಿಯೂ ಅಲ್ಲ. 571 ಅಂಕದ ಹಿಂದೆ ಆ ಹುಡುಗನ ಎಷ್ಟು ಮುಂಜಾವುಗಳಿವೆ ಎಂಬುದು ಮೂವತ್ತೊಂದು ವರ್ಷ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದ, ಕೊನೆಯ ಒಂಬತ್ತು ವರ್ಷ ಮುಖ್ಯ ಶಿಕ್ಷಕನಾಗಿದ್ದ ನನಗೆ ಚೆನ್ನಾಗಿ ಗೊತ್ತು. ಅವನು ನಾಡಕಚೇರಿಯಲ್ಲಿ ಎರಡು ಗಂಟೆ ಸುಮ್ಮನೆ ನಿಂತದ್ದಕ್ಕೆ ಕಾರಣವನ್ನು ಅವನಲ್ಲಿ ಹುಡುಕುವುದಕ್ಕಿಂತ ನಮ್ಮ ತರಗತಿಗಳಲ್ಲಿ ಹುಡುಕುವುದು ನ್ಯಾಯ. ಆದ್ದರಿಂದ ಈ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಬದುಕಿಗೆ ಬೇಕಾದದ್ದನ್ನು ಕಲಿಸುವುದೇ ಇಲ್ಲ ಎಂಬ ದೂರನ್ನು ಪೋಷಕರ ಸಭೆಗಳಲ್ಲಿ ನಾನು ನೂರಾರು ಸಲ ಕೇಳಿದ್ದೇನೆ. ಪಠ್ಯಪುಸ್ತಕ ತೆರೆದು ನೋಡಿದರೆ ಈ ದೂರು ನಿಲ್ಲುವುದಿಲ್ಲ. ನಮ್ಮ ರಾಜ್ಯದ ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ, ಭೂಗೋಳಗಳ ಜೊತೆಗೆ ವ್ಯವಹಾರ ಅಧ್ಯಯನ ಎಂಬ ಭಾಗವೇ ಇದೆ. ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ ಎಲ್ಲವೂ ಅದರೊಳಗೆ ಪಾಠಗಳಾಗಿವೆ. ಸರಳಬಡ್ಡಿ, ಚಕ್ರಬಡ್ಡಿಗಳು ಎಂಟನೆಯ ತರಗತಿಯೊಳಗೇ ಮುಗಿದಿರುತ್ತವೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ವರ್ಷವೂ ಒಂದು ಪತ್ರಲೇಖನ ಇರುತ್ತದೆ, ಬಹಳ ಸಲ ಅದು ಯಾವುದಾದರೊಂದು ಕಚೇರಿಗೆ ಬರೆಯುವ ಮನವಿ ಪತ್ರವೇ ಆಗಿರುತ್ತದೆ. ಅಂದರೆ ನಿಮ್ಮ ಮಗನಿಗೆ ಬೇಕಾಗಿದ್ದ ಪಾಠಗಳಲ್ಲಿ ಹೆಚ್ಚಿನವು ಅವನ ಚೀಲದಲ್ಲೇ ಇದ್ದವು. ಅವನು ಅವುಗಳಲ್ಲಿ ಅಂಕವನ್ನೂ ತೆಗೆದಿದ್ದಾನೆ. ಹಾಗಿದ್ದೂ ಕೌಂಟರಿನ ಮುಂದೆ ಅವು ಯಾವುವೂ ಅವನ ಕೈಗೆ ಬರಲಿಲ್ಲ. ಏಕೆ ಬರಲಿಲ್ಲ ಎಂಬುದೇ ನಾವು ನೋಡಬೇಕಾದ ವಿಷಯ.

ಕೆಲವು ವರ್ಷಗಳ ಹಿಂದೆ, ಬ್ಯಾಂಕ್ ವ್ಯವಹಾರದ ಪಾಠ ಮುಗಿದ ವಾರ, ಹತ್ತನೆಯ ತರಗತಿಯ ನಲವತ್ತೆರಡು ಮಕ್ಕಳನ್ನು ಊರಿನ ಬ್ಯಾಂಕ್ ಶಾಖೆಗೆ ನಡೆಸಿಕೊಂಡು ಹೋಗಿದ್ದೆ. ವ್ಯವಸ್ಥಾಪಕರು ಒಳ್ಳೆಯವರು; ಹಳೆಯ ಚಲನ್‌ಗಳ ಒಂದು ಕಟ್ಟನ್ನು ಕೊಟ್ಟು, ಎಲ್ಲರೂ 1,250 ರೂಪಾಯಿ ಜಮೆ ಮಾಡುವಂತೆ ತುಂಬಿ ಎಂದರು. ಕಿರುಪರೀಕ್ಷೆಯಲ್ಲಿ ಅದೇ ಪಾಠಕ್ಕೆ ಪೂರ್ತಿ ಅಂಕ ತೆಗೆದಿದ್ದ ಹುಡುಗಿಯೊಬ್ಬಳು ಪೆನ್ನು ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಹತ್ತಿರ ಹೋದಾಗ ಮೆಲ್ಲಗೆ ಕೇಳಿದಳು: "ಸರ್, ಮೊತ್ತ ಅಕ್ಷರದಲ್ಲಿ ಅಂದರೆ ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷಿನಲ್ಲಾ?" ಬ್ಯಾಂಕ್ ಎಂಬ ಪದ ಇಟಲಿಯ ಭಾಷೆಯ 'ಬ್ಯಾಂಕೊ' ಎಂಬುದರಿಂದ ಬಂದಿದೆ, ಅದರ ಅರ್ಥ ಬೆಂಚು ಎಂಬುದು ಅವಳಿಗೆ ಗೊತ್ತಿತ್ತು. ಉಳಿತಾಯ ಖಾತೆ, ಚಾಲ್ತಿ ಖಾತೆ, ಆವರ್ತ ಠೇವಣಿ, ನಿಶ್ಚಿತ ಠೇವಣಿಗಳ ವ್ಯತ್ಯಾಸವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದಳು. ಚಲನ್ ಎಂಬ ಕಾಗದವನ್ನು ಮಾತ್ರ ಅವಳು ಅಂದಿನವರೆಗೆ ಕೈಯಲ್ಲಿ ಹಿಡಿದಿರಲಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ಆ ನಲವತ್ತೆರಡು ಮಕ್ಕಳಲ್ಲಿ ಬಹುಪಾಲು ಜನರಿಗೆ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ ಖಾತೆ ಇತ್ತು. ಪಾಸ್‌ಪುಸ್ತಕ ಮಾತ್ರ ಎಲ್ಲರದೂ ಮನೆಯ ಬೀರುವಿನಲ್ಲಿತ್ತು.

ಇನ್ನೊಂದು ಪ್ರಸಂಗ ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು. ಶಾಲೆಯ ಮುಂದಿನ ಬೀದಿದೀಪ ತಿಂಗಳುಗಟ್ಟಲೆ ಉರಿದಿರಲಿಲ್ಲ. ಸಂಜೆಯ ಸ್ಪೆಷಲ್ ಕ್ಲಾಸು ಮುಗಿಸಿ ಹೋಗುವ ಹೆಣ್ಣುಮಕ್ಕಳಿಗೆ ತೊಂದರೆಯಾಗುತ್ತಿತ್ತು. ಪರೀಕ್ಷೆಗೆಂದು ಹೇಗೂ ಮನವಿ ಪತ್ರ ಕಲಿಯುತ್ತಿದ್ದೀರಿ, ಇದನ್ನೇ ಪಂಚಾಯಿತಿಗೆ ಬರೆಯಿರಿ ಎಂದೆ. ಮೂವತ್ತಕ್ಕೂ ಹೆಚ್ಚು ಪತ್ರಗಳು ಬಂದವು. 'ಇವರಿಂದ', 'ಇವರಿಗೆ', 'ಮಾನ್ಯರೇ', 'ವಿಷಯ' ಎಲ್ಲವೂ ಅದರದರ ಜಾಗದಲ್ಲೇ ಇದ್ದವು. ಆದರೆ ದೀಪ ಯಾವ ಕಂಬದ್ದು, ಎಂದಿನಿಂದ ಉರಿಯುತ್ತಿಲ್ಲ ಎಂಬುದನ್ನು ಬರೆದವರು ನಾಲ್ಕೇ ಜನ. ಒಬ್ಬ ಹುಡುಗನಂತೂ ಕೊನೆಯಲ್ಲಿ 'ಇಂತಿ ತಮ್ಮ ವಿಶ್ವಾಸಿ' ಎಂದು ಬರೆದು ಅದರ ಕೆಳಗೆ 'ಕ.ಖ.ಗ' ಎಂದು ಸಹಿ ಮಾಡಿದ್ದ. ಪರೀಕ್ಷೆಯಲ್ಲಿ ಸ್ವಂತ ಹೆಸರು ಬರೆಯಬಾರದು ಎಂದು ಅವನಿಗೆ ಕಲಿಸಿದವರು ನಾವೇ. ನಿಜವಾದ ಪತ್ರಕ್ಕೆ ನಿಜವಾದ ಹೆಸರು ಹಾಕಬೇಕು ಎಂದು ಯಾರೂ ಹೇಳಿರಲಿಲ್ಲ. ಅವನನ್ನು ಕೂರಿಸಿಕೊಂಡು ಹೆಸರು, ತರಗತಿ, ತಾರೀಕು ಬರೆಸಿದೆ. ಪಂಚಾಯಿತಿ ಕಚೇರಿಗೆ ಅವನೇ ಹೋಗಿ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದ. ದೀಪ ಹತ್ತಲು ಮತ್ತೆ ಐದು ವಾರ ಹಿಡಿಯಿತು, ಅದು ಬೇರೆ ಮಾತು. ಆ ಮೊಹರು ಬಿದ್ದ ನಕಲು ಪ್ರತಿಯನ್ನು ಅವನು ಗಣಿತದ ನೋಟ್‌ಬುಕ್ಕಿನಲ್ಲಿ ವರ್ಷವಿಡೀ ಇಟ್ಟುಕೊಂಡಿದ್ದ.

ಗಣಿತದಲ್ಲೂ ಇದೇ ಕಥೆ. 'ವಾರ್ಷಿಕ ಶೇ. 10ರ ದರದಲ್ಲಿ' ಎಂದು ಆರಂಭವಾಗುವ ಲೆಕ್ಕವನ್ನು ಸಲೀಸಾಗಿ ಬಿಡಿಸುವ ಮಗು, ಊರಿನಲ್ಲಿ ಕೈಸಾಲ ಕೊಡುವವರು ಹೇಳುವ 'ನೂರಕ್ಕೆ ಮೂರು ರೂಪಾಯಿ' ಎಂಬ ಮಾತನ್ನು ಬಡ್ಡಿದರವೆಂದೇ ಗುರುತಿಸುವುದಿಲ್ಲ. ಅದು ತಿಂಗಳ ಬಡ್ಡಿ, ವರ್ಷಕ್ಕೆ ಶೇ. 36 ಆಯಿತು, 20,000 ರೂಪಾಯಿ ಸಾಲಕ್ಕೆ ವರ್ಷಕ್ಕೆ 7,200 ರೂಪಾಯಿ ಬಡ್ಡಿಯೇ ಹೋಗುತ್ತದೆ. ಬೈಕಿನ ಕಂತಿನ ಲೆಕ್ಕ ಇನ್ನೂ ಸೂಕ್ಷ್ಮ. 60,000 ರೂಪಾಯಿ ಸಾಲಕ್ಕೆ ಶೇ. 12ರಂತೆ ಎರಡು ವರ್ಷದ ಬಡ್ಡಿಯನ್ನು ಮೊದಲೇ ಪೂರ್ತಿ ಮೊತ್ತಕ್ಕೆ ಹಾಕಿದರೆ 14,400 ರೂಪಾಯಿ ಸೇರುತ್ತದೆ, ತಿಂಗಳಿಗೆ 3,100 ರೂಪಾಯಿಯಂತೆ ಇಪ್ಪತ್ತನಾಲ್ಕು ಕಂತು. ಕೇಳಲು ಶೇ. 12. ಆದರೆ ಅಸಲು ತಿಂಗಳು ತಿಂಗಳೂ ಕಡಿಮೆಯಾಗುತ್ತಾ ಹೋಗುವುದರಿಂದ, ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾಗಿ ಕೊಡುವ ದರ ವರ್ಷಕ್ಕೆ ಶೇ. 21 ದಾಟುತ್ತದೆ. ಹದಿನೆಂಟು ತುಂಬಿದ ಹುಡುಗನೊಬ್ಬ ಶೋರೂಮಿನಲ್ಲಿ ಕುಳಿತು ಸಹಿ ಹಾಕುವ ಮೊದಲ ಕಾಗದ ಬಹುಮಟ್ಟಿಗೆ ಇದೇ ಆಗಿರುತ್ತದೆ. ಹತ್ತನೆಯ ತರಗತಿಯ ಒಂದೇ ಒಂದು ಪೀರಿಯಡ್ಡನ್ನು ಇದಕ್ಕೆ ಕೊಟ್ಟಿದ್ದರೆ ಸಾಕಿತ್ತು ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕಂತು ಕಟ್ಟಲಾಗದೆ ಬಂದು ಹೇಳಿಕೊಂಡಾಗಲೆಲ್ಲ ಅನ್ನಿಸಿದೆ.

ಇದು ನಮ್ಮ ಕೆಲವು ಊರುಗಳ ಸಮಸ್ಯೆಯಷ್ಟೇ ಅಲ್ಲ. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆಯ 'ಅಸರ್' ಎಂಬ ಕಲಿಕಾ ಸಮೀಕ್ಷೆ 2023ರಲ್ಲಿ 26 ರಾಜ್ಯಗಳ 28 ಜಿಲ್ಲೆಗಳ ಗ್ರಾಮೀಣ ಭಾಗಗಳಲ್ಲಿ 14ರಿಂದ 18 ವರ್ಷದ 34,745 ಮಂದಿಗೆ ಇಂಥವೇ ನಿತ್ಯದ ಕೆಲಸಗಳನ್ನು ಕೊಟ್ಟು ನೋಡಿತು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ಶೇ. 43ರಷ್ಟು ಜನರಿಗೆ ಮಾತ್ರ. ಕಳೆಯುವ ಲೆಕ್ಕವನ್ನಾದರೂ ಬಲ್ಲವರನ್ನಷ್ಟೇ ತೆಗೆದುಕೊಂಡರೂ, ಸಾಲ ತೀರಿಸುವ ಮೊತ್ತವನ್ನು ಲೆಕ್ಕ ಹಾಕಿದವರು ಅವರಲ್ಲಿ ಸುಮಾರು ಶೇ. 10. ನಿಮ್ಮ ಮಗ ಗಣಿತದಲ್ಲಿ ಇವರಿಗಿಂತ ಬಹಳ ಮುಂದಿದ್ದಾನೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪುಸ್ತಕದ ಲೆಕ್ಕಕ್ಕೂ ಬದುಕಿನ ಲೆಕ್ಕಕ್ಕೂ ನಡುವಿನ ಕಂದಕ ಅವನಿಗೂ ಇದೆ, ಅವರಿಗೂ ಇದೆ.

ಈ ಕಂದಕ ಹೇಗೆ ಉಂಟಾಯಿತು ಎಂಬುದಕ್ಕೆ ಪರೀಕ್ಷೆಯೇ ಕಾರಣ ಎಂದು ಹೇಳಿ ಮುಗಿಸುವುದು ಸುಲಭ. ಅದು ಅರ್ಧ ನಿಜ. ಜನವರಿಯ ನಂತರ ಪ್ರೌಢಶಾಲೆಯಲ್ಲಿ ಕಲಿಕೆ ಎಂಬುದು ನಿಂತು, ಪೂರ್ವಸಿದ್ಧತಾ ಪರೀಕ್ಷೆ, ಪರಿಹಾರ ಬೋಧನೆ, 'ಪಾಸಿಂಗ್ ಪ್ಯಾಕೇಜ್' ಇವುಗಳ ಓಟವೇ ಉಳಿಯುತ್ತದೆ. ಜಿಲ್ಲೆಯ ಫಲಿತಾಂಶ ಎಷ್ಟನೆಯ ಸ್ಥಾನಕ್ಕೆ ಬಂತು ಎಂದು ಮೇಲಿನವರು ಕೇಳುತ್ತಾರೆ. ಮುಖ್ಯ ಶಿಕ್ಷಕ ಅದನ್ನೇ ಸಹೋದ್ಯೋಗಿಗಳನ್ನು ಕೇಳುತ್ತಾನೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ಮೂಲಕ ನೇರ ನಿಗಾ) ಬಂದಾಗ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ರಾಜ್ಯದ ಉತ್ತೀರ್ಣ ಪ್ರಮಾಣ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಎಷ್ಟೋ ವರ್ಷ ನಾವು ಕಲಿಕೆ ಎಂದು ಎಣಿಸಿಕೊಂಡಿದ್ದರಲ್ಲಿ ಒಂದು ಪಾಲು ಕಲಿಕೆಯೇ ಆಗಿರಲಿಲ್ಲ ಎಂಬುದನ್ನು ಆ ಕುಸಿತ ಹೇಳಿತು ಎಂದು ನಾನು ತಿಳಿದಿದ್ದೇನೆ.

ಪರೀಕ್ಷೆಯ ಹೊರಗೆ ಏನೂ ಇರಲಿಲ್ಲವೇ ಎಂದರೆ, ಇತ್ತು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ 'ಭಾಗ ಬಿ' ಎಂದು ದೈಹಿಕ ಶಿಕ್ಷಣ, ಕಾರ್ಯಾನುಭವ (ಕೈಯಾರೆ ಕೆಲಸ ಮಾಡಿ ಕಲಿಯುವುದು), ಚಿತ್ರಕಲೆ, ಮೌಲ್ಯ ಶಿಕ್ಷಣಗಳಿಗೆ ಶ್ರೇಣಿ ಕೊಡುವ ವ್ಯವಸ್ಥೆ ಬಂತು. ವಿಷಯವಾರು ಆಂತರಿಕ ಅಂಕಗಳು ಬಂದವು. ಉದ್ದೇಶ ಬಹಳ ಒಳ್ಳೆಯದಿತ್ತು. ನಡೆದದ್ದೇನೆಂದರೆ, ಆಂತರಿಕ ಅಂಕದ ಪ್ರಾಜೆಕ್ಟುಗಳನ್ನು ಮಕ್ಕಳು ಜೆರಾಕ್ಸ್ ಅಂಗಡಿಯಿಂದ ತಂದು ಹೊಲಿಸಿದರು, ಕಾರ್ಯಾನುಭವದ ಅವಧಿಯನ್ನು ಗಣಿತದವರೂ ವಿಜ್ಞಾನದವರೂ ಹಂಚಿಕೊಂಡರು, 'ಭಾಗ ಬಿ' ಶ್ರೇಣಿಗಳನ್ನು ಸಿಬ್ಬಂದಿ ಕೊಠಡಿಯಲ್ಲಿ ಒಂದು ಸಂಜೆ ಕುಳಿತು ಎಲ್ಲರಿಗೂ ತುಂಬಿಬಿಟ್ಟರು. ಆ ಪಟ್ಟಿಗಳ ಕೆಳಗೆ ಸಹಿ ಹಾಕಿದವನು ನಾನೂ ಹೌದು. ಅದಕ್ಕಾಗಿ ಇಂದಿಗೂ ನನಗೆ ನೋವಿದೆ.

ಈ ಸೋಲು ಹೊಸದೂ ಅಲ್ಲ. 1952–53ರ ಮೊದಲಿಯಾರ್ ಆಯೋಗ ಓದಿನ ಜೊತೆ ಕಸುಬಿನ ವಿಷಯಗಳನ್ನೂ ಕಲಿಸುವ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ತೆರೆಯಬೇಕೆಂದಿತು, 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಕ್ಷಣದ ಅಂಗವಾಗಿಸಬೇಕೆಂದಿತು. ನಾನು ಓದಿದ ಹೈಸ್ಕೂಲಿನಲ್ಲಿ ಮರಗೆಲಸದ ಒಂದು ಕೊಠಡಿಯೇ ಇತ್ತು, ಕ್ರಾಫ್ಟ್ ಮೇಷ್ಟ್ರು ಇದ್ದರು, ಕೀಸುಳಿ ಹಿಡಿಯಲು ಅವರೇ ಕಲಿಸಿದರು. ಅವರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲಿಲ್ಲ. ಕೊಠಡಿ ಮುರಿದ ಬೆಂಚುಗಳ ಉಗ್ರಾಣವಾಯಿತು. ಈಗ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ತೃತೀಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರಿಟೇಲ್ ಮುಂತಾದ ವೃತ್ತಿವಿಷಯ ಆಯ್ದುಕೊಳ್ಳುವ ಅವಕಾಶವಿದೆ. ಅದು ಒಳ್ಳೆಯ ಹೆಜ್ಜೆ. ಆದರೂ ವೃತ್ತಿ ಕಲಿಯುವುದು ಒಂದು, ವಯಸ್ಕನಾಗಿ ನಾಲ್ಕು ಜನರ ನಡುವೆ ವ್ಯವಹರಿಸಲು ಕಲಿಯುವುದು ಮತ್ತೊಂದು. ಮೊದಲನೆಯದು ಬಂದವನಿಗೆ ಎರಡನೆಯದು ತಾನಾಗಿ ಬರುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ನಿಮ್ಮ ಮಗನಿಗೆ ನಾಡಕಚೇರಿಯಲ್ಲಿ ಕೊರತೆಯಾದದ್ದು ಮಾಹಿತಿಯಲ್ಲ. "ಸರ್, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಎಲ್ಲಿ ಕೊಡಬೇಕು?" ಎಂಬ ಒಂದು ವಾಕ್ಯ ಅವನ ಬಾಯಿಂದ ಹೊರಡಲಿಲ್ಲ. ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಒಂದು ಮಗು ತಾನಾಗಿ ಎದ್ದು ಹಿರಿಯರೊಬ್ಬರನ್ನು ಕೇಳುವ ಪ್ರಶ್ನೆ ಯಾವುದು ಎಂದು ನಾನು ಒಮ್ಮೆ ಗಮನವಿಟ್ಟು ನೋಡಿದ್ದೇನೆ. "ಸರ್, ನೀರು ಕುಡಿಯಲು ಹೋಗಲಾ?" ಬಹುಪಾಲು ಇದೊಂದೇ. ಉಳಿದಂತೆ ನಾವು ಕೇಳುತ್ತೇವೆ, ಅವರು ಒಕ್ಕೊರಲಿನಿಂದ ಉತ್ತರಿಸುತ್ತಾರೆ, "ಅರ್ಥವಾಯಿತಾ?" ಎಂದರೆ "ಆಯ್ತು ಸಾರ್" ಎಂದು ಇಡೀ ತರಗತಿ ಹೇಳುತ್ತದೆ. ಎರಡನೆಯ ಸಲ ಕೇಳಿದವನಿಗೆ ಅಧಿಕಪ್ರಸಂಗಿ ಎಂಬ ಹೆಸರು ಬೀಳುತ್ತದೆ. ಬೆಂಚು ಬಿಟ್ಟೇಳದ, ಬಾಯಿ ಬಿಡದ ಮಗುವನ್ನು ನಾವು ಒಳ್ಳೆಯ ಮಗು ಎಂದು ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳಲ್ಲಿ ಹೊಗಳಿ, ಹದಿನಾರನೆಯ ವಯಸ್ಸಿನಲ್ಲಿ ಅದೇ ಮಗುವನ್ನು ಕಚೇರಿಗೆ ಕಳುಹಿಸಿ, ಬಾಯಿ ಬಿಟ್ಟು ಕೇಳಲಿಲ್ಲವಲ್ಲ ಎಂದು ಆಶ್ಚರ್ಯಪಡುತ್ತೇವೆ. ಅವನು ಎರಡು ಗಂಟೆ ನಿಂತದ್ದು ತಾನು ಕಲಿತದ್ದನ್ನು ಚಾಚೂ ತಪ್ಪದೆ ಪಾಲಿಸಿ ನಿಂತದ್ದು.

ಕಚೇರಿಗಳ ಕಡೆಯೂ ತಪ್ಪಿದೆ, ಅದನ್ನು ಮುಚ್ಚಿಡಬಾರದು. ಮೀಸೆ ಚಿಗುರದ ಹುಡುಗ ಕೌಂಟರಿಗೆ ಬಂದರೆ "ದೊಡ್ಡವರು ಯಾರೂ ಇಲ್ವಾ, ಕರ್ಕೊಂಡು ಬಾ" ಎಂದು ವಾಪಸು ಕಳಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎರಡು ಸಲ ಹಾಗೆ ಅನ್ನಿಸಿಕೊಂಡ ಮಗು ಮೂರನೆಯ ಸಲ ಬಾಯಿ ತೆರೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹೈಸ್ಕೂಲು ಕೊಡುವುದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಹಳ್ಳಿಯ ಮಗುವೊಂದು ತನ್ನ ಕೇರಿ ಬಿಟ್ಟು, ಪಕ್ಕದ ಊರಿಗೆ ಸೈಕಲ್ ತುಳಿದು ಹೋಗಿ, ಬೇರೆ ಬೇರೆ ಮನೆತನದ ಮಕ್ಕಳ ಜೊತೆ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುವುದು ಬದುಕಿನ ತಯಾರಿಯಲ್ಲವೇ? ಹೆಣ್ಣುಮಕ್ಕಳ ವಿಷಯದಲ್ಲಂತೂ ಹೈಸ್ಕೂಲಿನ ಹಾಜರಿ ಪುಸ್ತಕಕ್ಕೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಜನರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಮೂರು ದಿನ ಗೈರಾದ ಹುಡುಗಿಯ ಮನೆಗೆ ತರಗತಿ ಶಿಕ್ಷಕಿ ಹುಡುಕಿಕೊಂಡು ಹೋದದ್ದರಿಂದ, ಗೆಳತಿಯೊಬ್ಬಳು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದ್ದರಿಂದ ನಿಂತ ಮದುವೆಗಳನ್ನು ನಾನು ಬಲ್ಲೆ. ಆ ಸಂಖ್ಯೆ ಗೆಳತಿಗೆ ಗೊತ್ತಾದದ್ದು ಶಾಲೆಯ ಗೋಡೆಯ ಮೇಲೆ ಓದಿ. ಆ ಒಂದು ಸಾಲು ಬದುಕಿಗೆ ಒದಗಿದಷ್ಟು ನನ್ನ ಎಷ್ಟೋ ಪಾಠಗಳು ಒದಗಿಲ್ಲ.

ಹಾಗಾದರೆ ಶಾಲೆ ಏನು ಮಾಡಬೇಕು? ಹೊಸ ವಿಷಯ, ಹೊಸ ಪುಸ್ತಕ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. 'ಜೀವನ ಕೌಶಲ' ಎಂದು ಇನ್ನೊಂದು ಪಠ್ಯ ಬಂದರೆ ಅದಕ್ಕೂ ಒಂದು ಪ್ರಶ್ನೋತ್ತರ ಮಾಲೆ ಬರುತ್ತದೆ, ಮಕ್ಕಳು ಅದನ್ನೂ ಬಾಯಿಪಾಠ ಮಾಡುತ್ತಾರೆ. ಇರುವ ಪಾಠಗಳಲ್ಲೇ ಪ್ರತಿಯೊಂದಕ್ಕೂ ಒಂದು ಸಲ, ಒಂದೇ ಒಂದು ಸಲ, ನಿಜವಾದ ಕೆಲಸ ಸೇರಲಿ. ಬ್ಯಾಂಕಿನ ಪಾಠಕ್ಕೆ ಮಗುವಿನ ಸ್ವಂತ ಖಾತೆಗೆ ಹತ್ತು ರೂಪಾಯಿ ಜಮೆ. ಪತ್ರಲೇಖನಕ್ಕೆ ಸ್ವೀಕೃತಿ ಪಡೆದ ಒಂದು ಪತ್ರ. ಗ್ರಾಹಕರ ಪಾಠಕ್ಕೆ ಅಂಗಡಿಯಿಂದ ಕೇಳಿ ತಂದ ಒಂದು ಬಿಲ್ಲು. ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಏರ್ಪಾಡು ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. ಅಲ್ಲಿ ಶಿಕ್ಷಕರು ಬರೆದುಕೊಟ್ಟ ಭಾಷಣವನ್ನು ಮಗು ಓದುವುದರ ಬದಲು, ತನಗೆ ತೋಚಿದ ಪ್ರಶ್ನೆಯನ್ನು ತಡವರಿಸಿಯಾದರೂ ಕೇಳಲಿ. ಆಂತರಿಕ ಅಂಕಗಳನ್ನು ಇವುಗಳಿಗೆ ಕೊಡಲು ಯಾವ ಅಡ್ಡಿಯನ್ನೂ ನಾನು ಕಾಣೆ.

ನಿಮ್ಮ ಮಗನಿಗೆ ಶಾಲೆಯ ಕಾಲ ಮುಗಿದಿದೆ, ಆದ್ದರಿಂದ ಮುಂದಿನದು ಮನೆಯಲ್ಲೇ ಆಗಬೇಕು. ಅವನ ಪಾಸ್‌ಪುಸ್ತಕ, ಆಧಾರ್, ಅಂಕಪಟ್ಟಿಗಳ ಕಡತವನ್ನು ಅವನ ಕೈಗೇ ಕೊಟ್ಟುಬಿಡಿ. ಕಳೆದರೆ ಹೊಸದನ್ನು ಮಾಡಿಸುವ ಓಡಾಟವೂ ಅವನದೇ ಆಗಲಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಯನ್ನು ಸೈಬರ್ ಸೆಂಟರಿನವರು ತುಂಬಿಕೊಡುವಾಗ ಅವನು ಪಕ್ಕದಲ್ಲಿ ಕುಳಿತು ಓದಲಿ, ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ತಾನೇ ಕೇಳಲಿ. ತಿಂಗಳ ಮನೆಖರ್ಚಿನಲ್ಲಿ ರೇಷನ್ನೋ ಕರೆಂಟ್ ಬಿಲ್ಲೋ, ಒಂದರ ಲೆಕ್ಕ ಅವನ ಪಾಲಿಗಿರಲಿ. ಫೋನಿಗೆ ಬಂದ ಒಟಿಪಿಯನ್ನು ಯಾರಿಗೂ ಹೇಳಬಾರದು, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ತಿಳಿಸಿ. ಕಾಲೇಜಿಗೆ ದೂರವಾಗುತ್ತದೆಂದು ಬೈಕ್ ಮಾತ್ರ ಈಗಲೇ ಕೊಡಬೇಡಿ. ಲೈಸೆನ್ಸ್ ಇಲ್ಲದ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆಯೂ ಆಗಬಹುದು. ಹದಿನೇಳು ತುಂಬಿದಾಗ ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಹಾಕಬಹುದು. ಆ ನಮೂನೆ 6ನ್ನು ಅವನೇ ತುಂಬಲಿ.

ಆದಾಯ ಪ್ರಮಾಣಪತ್ರಕ್ಕೆ ಬರುವ ಸೋಮವಾರ ಮತ್ತೆ ಹೊರಡಿ, ಈ ಸಲ ನೀವೂ ಜೊತೆಗೆ ಹೋಗಿ. ಹಿಂದಿನ ರಾತ್ರಿ ಅವನು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಅವನಿಂದಲೇ ಒಂದು ಚೀಟಿಯಲ್ಲಿ ಬರೆಸಿ: ಯಾವ ದಾಖಲೆ ಕೊಡಬೇಕು, ಶುಲ್ಕ ಎಷ್ಟು, ಯಾವ ದಿನ ಸಿಗುತ್ತದೆ. ಈ ಸೇವೆ ಸಕಾಲ ಕಾಯ್ದೆಯಡಿ ಬರುತ್ತದೆ. ನಿಗದಿತ ದಿನದೊಳಗೆ ಪ್ರಮಾಣಪತ್ರ ಕೊಡಬೇಕು, ಅರ್ಜಿ ಪಡೆದದ್ದಕ್ಕೆ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ಆ ಸ್ವೀಕೃತಿ ಇಲ್ಲದೆ ಬರಬೇಡ ಎಂದಷ್ಟೇ ಹೇಳಿ. ಒಳಗೆ ಮಾತ್ರ ನೀವು ಹೋಗಬೇಡಿ, ಹೊರಗಿನ ಬೆಂಚಿನ ಮೇಲೆ ಕುಳಿತಿರಿ. "ದೊಡ್ಡವರನ್ನು ಕರ್ಕೊಂಡು ಬಾ" ಎಂದು ಹೇಳಿ ಅವನನ್ನು ಹೊರಗೆ ಕಳಿಸಿದರೂ ತಕ್ಷಣ ಏಳಬೇಡಿ. "ಅಮ್ಮ ಹೊರಗೆ ಕೂತಿದ್ದಾರೆ, ಅರ್ಜಿ ಕೊಡುವುದು ನಾನು" ಎಂದು ಹೇಳಲು ಇನ್ನೊಮ್ಮೆ ಒಳಗೆ ಕಳುಹಿಸಿ.